ಮೈಕಮ್ಮ ಬಾಯಿ ಬಿಟ್ಟದ್ದು

ಆ ಬಸ್ ನಿಲ್ದಾಣದಲ್ಲಿ ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲ. "ಪ್ರಯಾಣಿಕರ ಗಮನಕ್ಕೆ" ಎಂದು ಅವಳು ಶುರು ಮಾಡಿದರೆ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದವನೂ ಚೀಲ ಎತ್ತಿಕೊಂಡು ಎದ್ದು ನಿಲ್ಲುತ್ತಿದ್ದ. ಇಪ್ಪತ್ತೊಂದು ವರ್ಷದಿಂದ ಅದೇ ಗಾಜಿನ ಕೋಣೆ, ಅದೇ ಮೈಕು, ಒಂದು ಕಾಲು ಕುಂಟುವ ಅದೇ ಕುರ್ಚಿ. ಡ್ರೈವರು ಕಂಡಕ್ಟರುಗಳೆಲ್ಲ ಸೇರಿ ಅವಳಿಗೆ ಮೈಕಮ್ಮ ಎಂದು ಹೆಸರಿಟ್ಟಿದ್ದರು. ಅವಳ ಗಂಡ ಅದೇ ನಿಲ್ದಾಣದ ಒಂಬತ್ತನೇ ನಂಬರ್ ಬಸ್ಸಿನ ಡ್ರೈವರು. ದಿನಕ್ಕೆ ಆರು ಸಲ ಅವನನ್ನು ಹೊರಡಿಸುವವಳು ಅವಳೇ. ಹೆಂಡತಿ ಹೇಳಿದ ಹೊತ್ತಿಗೆ ಸರಿಯಾಗಿ ಮನೆ ಬಿಡುವ ಗಂಡಂದಿರು ಉಂಟು, ಬಸ್ಸು ಬಿಡುವವನು ಇವನೊಬ್ಬನೇ ಎಂದು ಜೊತೆಯವರು ಚುಡಾಯಿಸುತ್ತಿದ್ದರು.

ಹತ್ತು ತಿಂಗಳ ಹಿಂದೆ ಮೈಕಮ್ಮ ನೂರ ಹದಿನೆಂಟು ಕಿಲೋ ಇದ್ದಳು. ಗಾಜಿನ ಕೋಣೆಗೆ ಇಪ್ಪತ್ತೆರಡು ಮೆಟ್ಟಿಲು. ಅವಳು ಮೂರು ಕಡೆ ನಿಂತು ಹತ್ತುತ್ತಿದ್ದಳು, ಹತ್ತಿದ ಮೇಲೆ ಏದುಸಿರು ಮೈಕಿಗೆ ಬೀಳಬಾರದೆಂದು ಐದು ನಿಮಿಷ ಸುಮ್ಮನೆ ಕೂರುತ್ತಿದ್ದಳು. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿತ್ತು. ಹೊಟ್ಟೆಯ ಮುಕ್ಕಾಲು ಭಾಗ ತೆಗೆದುಹಾಕುವ ಶಸ್ತ್ರಚಿಕಿತ್ಸೆ ಇದೆ, ನಿಮಗೆ ಒಗ್ಗುತ್ತದೆ ಎಂದು ಡಾಕ್ಟರು ಹೇಳಿದಾಗ ಗಂಡ ಹೌಹಾರಿದ.

"ಇರೋ ಹೊಟ್ಟೇನ ಯಾರಾದ್ರೂ ಕೊಯ್ಸ್ಕೋತಾರೇನೇ? ನೆಟ್ಟಗಿರೋ ಇಂಜಿನ್ ಬಿಚ್ಚಿದ್ರೆ ಮತ್ತೆ ಮೊದಲಿನ ಹಂಗೆ ಕೂರಲ್ಲ. ನಾಳೆ ಏನಾದ್ರೂ ಆದ್ರೆ ನಾನ್ ಹೇಳ್ಲಿಲ್ವಾ ಅಂತೀನಿ ನೋಡು."

ಅವನು ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ "ನಾನ್ ಹೇಳ್ಲಿಲ್ವಾ" ಇದೆಯಲ್ಲ, ಅದು ಅವನ ಬಾಯಲ್ಲಿ ಊಟಕ್ಕೆ ಉಪ್ಪಿದ್ದ ಹಾಗೆ. ಹಾಲು ಉಕ್ಕಿದರೆ ನಾನ್ ಹೇಳ್ಲಿಲ್ವಾ, ಕೊಡೆ ಮರೆತು ನೆನೆದು ಬಂದರೆ ನಾನ್ ಹೇಳ್ಲಿಲ್ವಾ. ಹೇಳದೆ ಇದ್ದದ್ದಕ್ಕೂ ನಾನ್ ಹೇಳ್ಲಿಲ್ವಾ. ಹುಟ್ಟಿದಾಗಿನಿಂದ ಯಾರ್ಯಾರದೋ ಮಾತಿಗೆ ತಲೆ ಆಡಿಸಿಕೊಂಡು ಬಂದಿದ್ದ ಮೈಕಮ್ಮ ಆ ಒಂದು ಸಲ ಮಾತ್ರ ಕಡ್ಡಿ ಮುರಿದ ಹಾಗೆ ಹೇಳಿದಳು: "ಹೊಟ್ಟೆ ನಂದು ರೀ. ನಾನು ಮಾಡಿಸ್ಕೋತೀನಿ." ಮಾಡಿಸಿಕೊಂಡಳು. ಹತ್ತು ತಿಂಗಳಲ್ಲಿ ಮೂವತ್ತೊಂಬತ್ತು ಕಿಲೋ ಇಳಿದಳು. ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ, ಕುರ್ಚಿಗೆ ಕೂರುವ ಮೊದಲೇ ಮೈಕು ಹಿಡಿಯುವಂತಾದಳು. ಸಕ್ಕರೆ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ ಹೋಯಿತು. ತನ್ನ ಆಯುಷ್ಯದಲ್ಲಿ ತಾನೇ ತೀರ್ಮಾನಿಸಿ ತಾನೇ ಮಾಡಿದ ಕೆಲಸ ಅದೊಂದೇ ಎಂದು ಅವಳಿಗೆ ಒಳಗೊಳಗೇ ಬಹಳ ಹೆಮ್ಮೆಯಿತ್ತು.

ಆ ಹೆಮ್ಮೆಯೇ ಅವಳ ಕುತ್ತಿಗೆಗೆ ಬಂತು. ಐದನೇ ತಿಂಗಳಿಗೆ ತಲೆನೋವು ಶುರುವಾಯಿತು. ಬರೀ ತಲೆನೋವಲ್ಲ, ಬಲಗಣ್ಣಿನ ಹಿಂದೆ ಕೂತು ಗುದ್ದುವ ಅರೆತಲೆನೋವು. ಬೆಳಕು ಕಂಡರಾಗದು, ಬಸ್ಸಿನ ಹಾರನ್ನು ಕೇಳಿದರೆ ವಾಂತಿ ಬಂದಂತಾಗುವುದು. ಎಳೆಯ ವಯಸ್ಸಿನಲ್ಲೂ ಅದು ಅಪರೂಪಕ್ಕೆ ಬರುತ್ತಿತ್ತು, ಒಂದು ನೋವಿನ ಮಾತ್ರೆ ನುಂಗಿದರೆ ಹೋಗುತ್ತಿತ್ತು. ಈಗ ಆ ಮಾತ್ರೆ ಮುಟ್ಟುವಂತಿಲ್ಲ, ಹೊಲಿದ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ ಎಂದು ಆಸ್ಪತ್ರೆಯವರು ಮೊದಲೇ ಎಚ್ಚರಿಸಿದ್ದರು. ಅದರ ಬೆನ್ನಿಗೇ ದವಡೆ ನೋವು. ಪ್ರತಿ ತುತ್ತನ್ನೂ ನೀರಾಗುವವರೆಗೆ ಅಗಿಯಬೇಕೆಂಬುದು ಅವಳ ಹೊಸ ಹೊಟ್ಟೆಯ ಕಾಯಿದೆ. ಅರ್ಧ ಮೊಟ್ಟೆ ತಿನ್ನಲು ಅರ್ಧ ಗಂಟೆ. ಅಗಿದೂ ಅಗಿದೂ ಕಿವಿಯ ಮುಂದೆ ಕಟಕ್ ಎಂದು ಸದ್ದಾಗತೊಡಗಿತು, ಆಕಳಿಸಿದರೆ ಜೀವ ಹೋದಂತಾಗುತ್ತಿತ್ತು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಗಂಡನ ಬಾಯಿಂದ ಬೀಳುವ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು, ಆ ಮಾತು ಬಿದ್ದ ದಿನ ತನ್ನ ಆ ಒಂದೇ ಒಂದು ತೀರ್ಮಾನವೂ ತಪ್ಪಾಗಿಬಿಡುತ್ತದೆ ಎಂದು ಹೆದರಿಕೆ. ಆಸ್ಪತ್ರೆಯವರು ವಿಚಾರಿಸಲು ಫೋನ್ ಮಾಡಿದಾಗಲೂ "ಆರಾಮಾಗಿದ್ದೀನಿ" ಎಂದಳು, ಗಂಡ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದನಲ್ಲ. ಚಿಕ್ಕಂದಿನಲ್ಲಿ ಅಮ್ಮ ಕಲಿಸಿಕೊಟ್ಟ ವಿದ್ಯೆ ಎರಡೇ: ಯಾರು ಏನಂದರೂ ಹೊಟ್ಟೆಗೆ ಹಾಕಿಕೋ, ಏನೇ ಬಂದರೂ ಹಲ್ಲು ಕಚ್ಚಿಕೊಂಡಿರು. ಹೊಟ್ಟೆಗೆ ಹಾಕಿಕೊಳ್ಳೋಣವೆಂದರೆ ಡಾಕ್ಟರು ಉಳಿಸಿದ್ದೇ ಬಾಳೆಹಣ್ಣಿನಷ್ಟು. ಹಾಗಾಗಿ ಎಲ್ಲ ಭಾರವೂ ಹಲ್ಲಿನ ಮೇಲೆ ಬಿತ್ತು.

ಕೊನೆಗೆ ಒಂದು ದಿನ "ಪ್ರಯಾಣಿಕರ" ಎಂಬಲ್ಲಿ ದವಡೆ ಹಿಡಿದುಕೊಂಡು "ಗಮನಕ್ಕೆ" ಬಾಯಲ್ಲೇ ಉಳಿಯಿತು. ಕೆಲಸಕ್ಕೇ ಕುತ್ತು ಬಂದಾಗ ಅವಳು ಸದ್ದಿಲ್ಲದೆ ಹಲ್ಲಿನ ಡಾಕ್ಟರ ಹತ್ತಿರ ಹೋದಳು. ಹಲ್ಲಿನ ಡಾಕ್ಟರು ಕಿರುಬೆರಳಿನಷ್ಟು ಸಣ್ಣ ಹೆಂಗಸು, ಮಾತು ಮಾತ್ರ ದೊಡ್ಡದು.

"ಬಾಯಿ ಬಿಡಿ. ಇನ್ನೂ ಬಿಡಿ. ಅಷ್ಟೇನಾ? ಎರಡು ಬೆರಳು ತೂರಲ್ಲವಲ್ಲಮ್ಮ! ಹಗಲೆಲ್ಲ ಹಲ್ಲು ಕಚ್ಕೊಂಡಿರ್ತೀರಾ?"

"ಕಚ್ಕೊಂಡಿರ್ಬೇಕಲ್ವಾ ಡಾಕ್ಟ್ರೇ? ನಮ್ಮಮ್ಮ ಹಂಗೇ ಹೇಳ್ಕೊಟ್ಟಿದ್ದು."

ಡಾಕ್ಟರು ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟು ನಕ್ಕುಬಿಟ್ಟರು. "ಅಯ್ಯೋ, ಅವರು ಮಾತಿಗೆ ಹೇಳಿದ್ದು, ನೀವು ಅದನ್ನೇ ಹಿಡ್ಕೊಂಡು ಹಲ್ಲು ಸವೆಸಿದ್ದೀರಿ. ಅಗಿಯೋವಾಗ ಬಿಟ್ರೆ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮುಖ ನೋಡ್ಬಾರ್ದು. ತುಟಿ ಮುಚ್ಚಿರ್ಲಿ, ಹಲ್ಲು ಬಿಟ್ಟಿರ್ಲಿ. ಮಲಗೋವಾಗ ಹಲ್ಲಿಗೆ ಹಾಕ್ಕೊಳ್ಳೋಕೆ ಒಂದು ಕವಚ ಮಾಡಿಕೊಡ್ತೀನಿ. ಈ ಬಿಗಿತ ತಲೆನೋವನ್ನೂ ಕೆರಳಿಸುತ್ತೆ. ಆದ್ರೆ ತಲೆನೋವಿಗೆ ಬೇರೆ ಕಾರಣಾನೂ ಇರ್ಬಹುದು, ನಿಮ್ಮ ಆಪರೇಷನ್ ಡಾಕ್ಟ್ರಿಗೆ ಹೇಳಿದ್ರಾ?"

"ಇಲ್ಲ."

"ಮನೇಲಿ?"

ಮೈಕಮ್ಮ ಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಹೋಗಿ ಬಾಯಿ ಬಿಟ್ಟು ಹೇಳಿ."

"ಎರಡು ಬೆರಳಷ್ಟೂ ಬಿಡಲ್ಲ ಅಂತ ನೀವೇ ಅಂದ್ರಲ್ಲ ಡಾಕ್ಟ್ರೇ."

ಡಾಕ್ಟರು ಅವಳ ಕೈಗೆ ಒಂದು ಹಾಳೆ ತುಂಬ ಕೆಂಪು ಬಣ್ಣದ ಗುಂಡು ಸ್ಟಿಕ್ಕರುಗಳನ್ನು ಕೊಟ್ಟರು. ಕಣ್ಣು ಹೆಚ್ಚು ಬೀಳುವ ಕಡೆಯಲ್ಲೆಲ್ಲ ಅಂಟಿಸಿಕೊಳ್ಳಬೇಕು, ಕೆಂಪು ಕಂಡಾಗಲೆಲ್ಲ ಹಲ್ಲು ಸಡಿಲ ಬಿಡಬೇಕು. ಮೈಕಮ್ಮ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವಳು. ನೀರಿನ ಬಾಟಲಿಗೆ ಒಂದು, ಫೋನಿಗೆ ಒಂದು ಅಂಟಿಸಿದಳು. ಕೆಲಸದ ಹೊತ್ತಿನಲ್ಲಿ ತನ್ನ ಕಣ್ಣು ಎಲ್ಲಿ ಹೆಚ್ಚು ಬೀಳುತ್ತದೆ ಎಂದು ಯೋಚಿಸಿದಳು. ಮೈಕಿನ ಬುಡದಲ್ಲಿ ಒಂದು ಪುಟ್ಟ ದೀಪವಿದೆ, ಮೈಕು ಚಾಲೂ ಇದ್ದಾಗ ಕೆಂಪಗೆ ಉರಿಯುತ್ತದೆ. ದಿನಕ್ಕೆ ನೂರು ಸಲ ನೋಡುವುದು ಅದನ್ನೇ. ಬುದ್ಧಿವಂತೆ, ಸರಿಯಾಗಿ ಅದರ ಮೇಲೆಯೇ ಅಂಟಿಸಿದಳು. ಕೆಂಪು ಕಂಡರೆ ಸ್ವಿಚ್ಚು ಆರಿಸುವುದು ಇಪ್ಪತ್ತೊಂದು ವರ್ಷದ ರೂಢಿಯಾಗಿತ್ತು. ಈಗ ಕೆಂಪು ಕಂಡರೆ ಹಲ್ಲು ಬಿಡಿಸುವುದು ಬಂದು ಹಳೆಯದನ್ನು ನುಂಗಿಹಾಕಿತು.

ಮೂರನೇ ದಿನ ಮಧ್ಯಾಹ್ನ ಮೂರು ಗಂಟೆಯ ಬಸ್ಸನ್ನು ಸಾರಿ, ಕೆಂಪು ನೋಡಿ, ಹಲ್ಲು ಸಡಿಲ ಬಿಟ್ಟು, ಶಿಸ್ತಾಗಿ ಕೂತಿದ್ದಳು. ಬಾಗಿಲು ತಟ್ಟಿದ ಸದ್ದಾಯಿತು. ಭಾರದ ಮೈಯ ಹೆಂಗಸೊಬ್ಬಳು ಏದುಸಿರು ಬಿಡುತ್ತ ನಿಂತಿದ್ದಳು. ಹತ್ತಿರದ ಶಾಲೆಯಲ್ಲಿ ಟೀಚರಂತೆ. ಮೈಕಮ್ಮ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು, ಆ ಏದುಸಿರಿನ ಗುರುತು ಅವಳಿಗಿತ್ತು.

"ಅಕ್ಕಾ, ನೀವು ಹೊಟ್ಟೆ ಆಪರೇಷನ್ ಮಾಡಿಸ್ಕೊಂಡಿದ್ದೀರಿ ಅಂತ ಕೆಳಗೆ ಹೇಳಿದ್ರು. ನನಗೂ ಅದನ್ನೇ ಮಾಡಿಸ್ಕೊಳ್ಳಿ ಅಂದಿದ್ದಾರೆ. ಕೇಳಿದೋರೆಲ್ಲ ಬರೀ ಹೊಗಳ್ತಾರೆ, ಇಲ್ಲಾಂದ್ರೆ ಬರೀ ಹೆದರಿಸ್ತಾರೆ. ನೀವು ಇದ್ದದ್ದು ಇದ್ದಂಗೆ ಹೇಳ್ತೀರಾ?"

ಚೆನ್ನಾಗಿದ್ದೀನಿ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಇವಳು ಆ ಮಾತನ್ನು ನಂಬಿಕೊಂಡು ಹೊಟ್ಟೆ ಕೊಯ್ಯಿಸಿಕೊಳ್ಳುವವಳು. ಮೈಕಮ್ಮನ ಕಣ್ಣು ಕೆಂಪು ಸ್ಟಿಕ್ಕರಿನ ಮೇಲೆ ಬಿತ್ತು, ಹಲ್ಲು ಬಿಡಿಸಿಕೊಂಡಿತು, ಅದರ ಜೊತೆಗೆ ಮಾತೂ ಬಿಡಿಸಿಕೊಂಡಿತು.

"ಹೇಳ್ತೀನಿ ತಾಯಿ. ವಾರಕ್ಕೆರಡು ಸಲ ಅರೆತಲೆನೋವು, ಕಣ್ಣು ಕಿತ್ತಿಟ್ಟುಬಿಡೋಣ ಅನ್ಸುತ್ತೆ. ಮುಂಚೆ ತಗೋತಿದ್ದ ಮಾತ್ರೆ ಈಗ ತಗೊಳ್ಳೋಹಂಗಿಲ್ಲ. ದವಡೆ ಹಿಡ್ಕೊಂಡು ಆಕಳಿಸೋಕೂ ಭಯ. ತಲೆ ಕೂದ್ಲು ಹಿಡಿಹಿಡಿ ಉದುರ್ತು. ಗಟಗಟ ನೀರು ಕುಡಿಯೋ ಸುಖ ಮರ್ತೇ ಹೋಗಿದೆ. ಇದೆಲ್ಲ ಮನೇಲಿ ಗೊತ್ತಿಲ್ಲ. ಹೇಳಿದ್ರೆ ನಮ್ಮನೆಯೋರು ನಾನ್ ಹೇಳ್ಲಿಲ್ವಾ ಅಂತಾರೆ. ಆ ನೋವು ಬೇಕಾದ್ರೆ ತಡ್ಕೋತೀನಿ, ಆ ಮಾತು ಮಾತ್ರ ತಡ್ಕೊಳ್ಳೋಕಾಗಲ್ಲ."

ಟೀಚರು ಮೆಲ್ಲಗೆ ಕೇಳಿದಳು, "ಹಂಗಾದ್ರೆ, ಮಾಡಿಸ್ಕೊಂಡಿದ್ದು ತಪ್ಪಾಯ್ತು ಅಂತೀರಾ?"

"ಯಾರಂದ್ರು?" ಮೈಕಮ್ಮನ ದನಿ ಏರಿತು. "ಇನ್ನೊಂದು ಜನ್ಮ ಇದ್ರೆ ಅಲ್ಲೂ ಮಾಡಿಸ್ಕೋತೀನಿ! ಮೊನ್ನೆ ನೆಲದ ಮೇಲೆ ಕೂತು, ಯಾರ ಕೈನೂ ಹಿಡೀದೆ ಎದ್ದೆ. ಎದ್ದು ಅಡುಗೆಮನೇಲಿ ಒಬ್ಳೇ ಅತ್ತುಬಿಟ್ಟೆ. ಸಂತೋಷಕ್ಕೆ ಕಣಮ್ಮ. ನೋವೂ ಇದೆ, ಸಂತೋಷಾನೂ ಇದೆ. ಒಂದಿದ್ರೆ ಇನ್ನೊಂದು ಸುಳ್ಳಾಗುತ್ತಾ?"

ಆಗ ಎಲ್ಲೋ ಚಪ್ಪಾಳೆ ಕೇಳಿಸಿತು. ಗಾಜಿನಾಚೆ ನೋಡಿದರೆ ಇಡೀ ನಿಲ್ದಾಣ ತಲೆ ಎತ್ತಿ ಇವಳನ್ನೇ ನೋಡುತ್ತಿತ್ತು. ಹಣ್ಣಿನ ಅಂಗಡಿಯವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಬಸ್ಸು ಬಿಡಿಸುವ ಮೇಲ್ವಿಚಾರಕ ಕೆಳಗಿನಿಂದ ಎರಡೂ ಕೈ ಬೀಸುತ್ತ "ಮೈಕು! ಮೈಕು!" ಎಂದು ಕೂಗುತ್ತಿದ್ದ. ಮೂರು ಹತ್ತಕ್ಕೆ ಹೊರಡಬೇಕಿದ್ದ ಒಂಬತ್ತನೇ ನಂಬರ್ ಬಸ್ಸು ಇನ್ನೂ ನಿಂತೇ ಇತ್ತು. ಅದರ ಡ್ರೈವರು ಬಾಗಿಲ ಪಕ್ಕ ನಿಂತು ಮೇಲಕ್ಕೇ ನೋಡುತ್ತಿದ್ದ.

ಮೈಕಮ್ಮ ಸ್ಟಿಕ್ಕರು ಕಿತ್ತಳು. ಅದರಡಿ ದೀಪ ನಿಗಿನಿಗಿ ಉರಿಯುತ್ತಿತ್ತು. ಮಾನ ಹೋದರೂ ಕೆಲಸ ಬಿಡುವಂತಿಲ್ಲವಲ್ಲ. ಗಂಟಲು ಸರಿ ಮಾಡಿಕೊಂಡು, "ಪ್ರಯಾಣಿಕರ ಗಮನಕ್ಕೆ. ಒಂಬತ್ತನೇ ನಂಬರ್ ಬಸ್ಸು ಈಗ ಹೊರಡಲಿದೆ," ಎಂದಳು. ಡ್ರೈವರು ಏರಿ ಕೂತು, ಹಾರನ್ನು ಹೊಡೆಯದೆ ಹೊರಟುಹೋದ.

ಸಂಜೆ ಅವನು ಮನೆಗೆ ಬಂದಾಗ ಅವಳು ಸೂಪಿನ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದಳು. ಅವನು ಕೈಕಾಲು ತೊಳೆದು ಎದುರಿಗೆ ಕೂತ. ಬರಲಿ, ಬಂದುಬಿಡಲಿ ಆ ಮಾತು ಎಂದು ಅವಳು ಕಾದಳು. ಹಲ್ಲು ತಾನಾಗಿಯೇ ಕಚ್ಚಿಕೊಂಡಿತು.

"ನಾನ್ ಕೇಳ್ಲಿಲ್ಲ," ಎಂದ ಅವನು.

"ಊರಿಗೆಲ್ಲ ಕೇಳ್ಸಿದೆ, ನಿಮಗೊಬ್ರಿಗೇ ಕೇಳ್ಸಲಿಲ್ವಾ?"

"ಅದಲ್ಲ ಕಣೆ. ಕೇಳ್ಸಿತು. ನಾನು ಕೇಳ್ಲಿಲ್ಲ. ಹತ್ತು ತಿಂಗಳಲ್ಲಿ ಒಂದಿನಾನೂ ಹೆಂಗಿದ್ದೀಯ ಅಂತ ಬಾಯಿ ಮಾತಿಗೂ ಕೇಳ್ಲಿಲ್ಲ. ಕೇಳಿದ್ರೆ ಚೆನ್ನಾಗಿದ್ದೀನಿ ಅಂತೀಯ, ಆಗ ನನ್ನ ಮಾತು ಸೋತ ಹಂಗಲ್ವಾ, ಅದಕ್ಕೇ." ಅವನು ಮೇಜಿನ ಮೇಲಿದ್ದ ಚಮಚವನ್ನು ಅತ್ತಿತ್ತ ತಿರುಗಿಸಿದ. "ಅವತ್ತು ಬೇಡ ಅಂದಿದ್ದು ಬುದ್ಧಿ ಹೇಳೋಕಲ್ಲ. ನೀನು ಆ ಬಾಗಿಲೊಳಗೆ ಹೋದೋಳು ವಾಪಸ್ ಬರ್ದೇ ಇದ್ರೆ ಅಂತ ಭಯ."

ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ಅವನು ಭಯ ಎಂಬ ಪದವನ್ನು ತನ್ನ ಬಾಯಿಂದ ಆಡಿದ್ದು ಅದೇ ಮೊದಲು. ಸೂಪು ತಣ್ಣಗಾಯಿತು, ಅವನೇ ಎದ್ದು ಬಿಸಿ ಮಾಡಿಕೊಟ್ಟ.

ಎರಡು ದಿನದಲ್ಲಿ ಇಬ್ಬರೂ ಆಸ್ಪತ್ರೆಗೆ ಹೋದರು. ಆಪರೇಷನ್ ಮಾಡಿದ ಡಾಕ್ಟರು ಮೊದಲು ಬೈದು ಆಮೇಲೆ ನೋಡಿದರು. ದಿನಕ್ಕೆ ಬೇಕಾದ ನೀರಿನ ಅರ್ಧವೂ ಅವಳ ಹೊಟ್ಟೆಗೆ ಹೋಗುತ್ತಿರಲಿಲ್ಲ, ಕೆಲಸದ ಗಡಿಬಿಡಿಯಲ್ಲಿ ಊಟದ ಹೊತ್ತೂ ತಪ್ಪುತ್ತಿತ್ತು, ರಕ್ತದಲ್ಲಿ ಕಬ್ಬಿಣದಂಶ ಕಡಿಮೆಯಾಗಿತ್ತು. ಆ ಹೊಟ್ಟೆಗೆ ಒಗ್ಗುವ ಬೇರೆ ಮಾತ್ರೆ ಬರೆದುಕೊಟ್ಟರು. ಗಂಡ ಬಸ್ಸಿನಿಂದಲೇ ಗಂಟೆಗೊಮ್ಮೆ ಫೋನಿಗೆ ಸಂದೇಶ ಕಳಿಸತೊಡಗಿದ: "ಎರಡು ಗುಟುಕು." ಬಸ್ಸು ನಿಂತಾಗ ಮಾತ್ರ ಕಳಿಸುತ್ತೀನಿ ಎಂದು ಆಣೆ ಮಾಡಿದ್ದ. ಟೀಚರು ಇನ್ನೂ ತೀರ್ಮಾನ ಮಾಡಿಲ್ಲ, ಆದರೆ ತನ್ನ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಎರಡು ಪುಟ ಬರೆದುಕೊಂಡು ಹೋದಳು.

ತಲೆನೋವು ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ. ವಾರಕ್ಕೆರಡು ಇದ್ದದ್ದು ತಿಂಗಳಿಗೆರಡಕ್ಕೆ ಇಳಿಯಿತು. ಅಂಥದ್ದೊಂದು ರಜೆಯ ದಿನ ಮಧ್ಯಾಹ್ನ, ಅವಳು ಬಟ್ಟೆ ಮಡಚುತ್ತಿದ್ದಾಗ ಬಂತು. "ರೀ, ತಲೆ ನೋಯ್ತಿದೆ," ಎಂದಳು. ಅಷ್ಟೇ. ಅವನು ಪರದೆ ಎಳೆದ, ಒದ್ದೆ ಬಟ್ಟೆ ತಂದು ಹಣೆಗೆ ಹಾಕಿದ, ಫೋನಿನ ಬಾಯಿ ಮುಚ್ಚಿಸಿದ, ಬಿಸಿ ನೀರಿನ ಚೀಲವನ್ನು ದವಡೆಗೆ ಒತ್ತಿ ಹಿಡಿದುಕೊಂಡು ಕೂತ. ಗಂಟೆಯಾದ ಮೇಲೆ ನೋವು ಇಳಿಯಿತು. ಕತ್ತಲು ಮಾಡಿದ ಕೋಣೆಯಲ್ಲಿ ಅವನ ದನಿ ಮೆಲ್ಲಗೆ ಬಂತು.

"ನಂದೂ ಒಂದಿದೆ ಕಣೆ. ಬೈಬೇಡ. ಎಡಗಾಲಿನ ಮಂಡಿ. ಕ್ಲಚ್ಚು ಒತ್ತಿದಾಗಲೆಲ್ಲ ಜೀವ ಬಾಯಿಗೆ ಬರುತ್ತೆ. ಎರಡು ವರ್ಷ ಆಯ್ತು."

ಮೈಕಮ್ಮ ಹಣೆಯ ಬಟ್ಟೆ ಕಿತ್ತೆಸೆದು ಎದ್ದು ಕೂತಳು. "ಎರಡು ವರ್ಷ! ಯಾಕ್ರೀ ಹೇಳ್ಲಿಲ್ಲ?"

"ಡಾಕ್ಟ್ರ ಹತ್ರ ಹೋದ್ರೆ ನನ್ನ ಹೊಟ್ಟೆ ನೋಡಿ ತೂಕ ಇಳಿಸಿ ಅಂತಾರೆ. ಯಾವ ಮುಖ ಹೊತ್ಕೊಂಡು ನಿಂಗೆ ಹೇಳ್ಲಿ?"

ಅವಳಿಗೆ ನಗು ಒತ್ತರಿಸಿ ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಹೊಟ್ಟೆ ಕುಲುಕಿತು, ಕಿವಿಯ ಮುಂದೆ ಕಟಕ್ ಎಂದಿತು, ಕಣ್ಣಲ್ಲಿ ನೀರು ಬಂತು. ಅವನೂ ನಗತೊಡಗಿದ. ಅವಳು ಎರಡೂ ಕೈಯಿಂದ ದವಡೆ ಹಿಡಿದುಕೊಂಡು, "ಅಯ್ಯೋ, ನಗಿಸ್ಬೇಡ್ರೀ, ನೋಯುತ್ತೆ, ತುಂಬಾ ನೋಯುತ್ತೆ," ಎಂದು ಬಾಯಿ ತುಂಬ ಹೇಳುತ್ತ ಇನ್ನೂ ನಕ್ಕಳು.