ಗುಲಾಬಿಗೆ ಕರಿ ಪಟ್ಟಿ

"ಅಕ್ಕಾರ, ಸಿಟ್ಟ ಆಗಬ್ಯಾಡ್ರಿ. ಈ ಕಮೋಡಿನ ಮ್ಯಾಲ ಕುಂತವರ ಮುಖ ಯಾ ಕಡೆ ಬರ್ತೈತಿ ನೋಡೀರೇನು?"

ಕೌಸರ ಏಣಿಯ ಮೇಲಿಂದ ತಿರುಗಿದಳು. ಗೌಂಡಿ ನಿಜಾಮುದ್ದೀನ ಬಚ್ಚಲುಮನೆಯ ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಕರಣಿಯಿಂದ ಅವಳು ಪರದೆ ಕಟ್ಟುತ್ತಿದ್ದ ಕಿಟಕಿಯನ್ನೇ ತೋರಿಸುತ್ತಿದ್ದ. ಸಂಜೆಯ ಬಿಸಿಲು ಕಣ್ಣಿಗೆ ಕುಕ್ಕುತ್ತದೆಂದು ಆ ಕಿಟಕಿಗೆ ಪರದೆ ಬೇಕೆಂದವಳು ಅವಳೇ. ಸಂಜೆಯ ಬಿಸಿಲು ಯಾವ ದಿಕ್ಕಿನಿಂದ ಬರುತ್ತದೆಂದು ತಿಳಿಯಲು ಶಾಲೆ ಕಲಿಯಬೇಕಾಗಿಲ್ಲ.

"ಕಿಬ್ಲಾ," ಎಂದಳು.

"ಹೌದ್ರಿ. ನೆಟ್ಟಗ ಕಿಬ್ಲಾಕ್ಕ."

ನಮಾಜಿನಲ್ಲಿ ಮುಖ ಮಾಡುವ ಆ ಪಶ್ಚಿಮ ದಿಕ್ಕಿಗೆ ಸಂಡಾಸದಲ್ಲಿ ಮುಖವನ್ನೂ ಮಾಡಬಾರದು, ಬೆನ್ನನ್ನೂ ಮಾಡಬಾರದು. ಮನೆಯ ಸಣ್ಣ ಮಕ್ಕಳಿಗೂ ಗೊತ್ತಿರುವ ಮಾತು ಇದು. ಅತ್ತೆ ಜೈತುನಬಿಗಂತೂ ಅದು ಮಾತಲ್ಲ, ಕಟ್ಟಳೆ. ಶುಕ್ರವಾರ ಸಂಜೆ ಅವರು ಆಲಮೇಲದಿಂದ ಈ ಮನೆಯಲ್ಲಿ ಇರಲೆಂದೇ ಬರುವವರಿದ್ದರು. ಅವತ್ತು ಬುಧವಾರ.

ಸಿಂದಗಿಯ ಪೇಟೆಯಲ್ಲಿ ಕೌಸರಳ ಹೆಸರು ದೊಡ್ಡದು. ಹತ್ತು ವರ್ಷದಿಂದ ಗೂಡಿನಂಥ ಬಾಡಿಗೆ ಮಳಿಗೆಯಲ್ಲಿ ಮ್ಯಾಚಿಂಗ್ ಸೆಂಟರ್ ನಡೆಸುತ್ತಿದ್ದಾಳೆ. ಎಂಥ ಸೀರೆ ತಂದು ಹರವಿದರೂ ಅದಕ್ಕೆ ಹೊಂದುವ ಕುಪ್ಪಸದ ಬಟ್ಟೆ, ಫಾಲ್, ಅಸ್ತರು ಎಲ್ಲವನ್ನೂ ಕಣ್ಣು ಮುಚ್ಚಿ ತೆಗೆದುಕೊಡುವಾಕೆ. ಈ ಹಳೆಯ ಮನೆಯನ್ನು ಹಟ ಹಿಡಿದು ಕೊಳ್ಳುವಂತೆ ಮಾಡಿದವಳೂ ಅವಳೇ. ಬೀದಿಗೆ ತೆರೆಯುವ ಮುಂದಿನ ಕೋಣೆ ಅವಳ ಸ್ವಂತ ಅಂಗಡಿಯಾಗುವುದಿತ್ತು. ಒಳಗೆ ಬಚ್ಚಲಲ್ಲಿ ಕುರ್ಚಿಯಂಥ ಕಮೋಡಿತ್ತು, ಅತ್ತೆಯ ಮೊಣಕಾಲು ನೋವಿಗೆ ಅನುಕೂಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಮಂಜೂರ, ಹೊಸ ಬಡಾವಣೆಯಲ್ಲಿ ಕಟ್ಟಿಸೋಣ ಎಂದು ಗೊಣಗಿ ಗೊಣಗಿ ಕೊನೆಗೆ ಒಪ್ಪಿದ್ದ.

ಒಂದೇ ಕಾಟವೆಂದರೆ ಆ ಬಣ್ಣ. ಮನೆ ಕಟ್ಟಿಸಿದ ಚನ್ನಬಸಯ್ಯ ಮಾಸ್ತರರು ಮೂವತ್ತೈದು ವರ್ಷದ ಹಿಂದೆ ಸೊಲ್ಲಾಪುರದಿಂದ ತರಿಸಿದ್ದಂತೆ. ಎದೆಮಟ್ಟದ ಟೈಲ್ಸು ಗುಲಾಬಿ, ಬೇಸಿನ್ನು ಗುಲಾಬಿ, ಕಮೋಡೂ ಗುಲಾಬಿ. ಅದೂ ಸಂತೆಯ ಬತ್ತಾಸಿನ ಗುಲಾಬಿ. ಒಡೆದು ಹಾಕೋಣವೆಂದರೆ ನಿಜಾಮುದ್ದೀನ ತಲೆ ಅಲ್ಲಾಡಿಸಿದ. ಬಚ್ಚಲಿನ ಗೋಡೆಯ ಆಚೆ ನೆರೆಮನೆಯ ಗುಂಡವ್ವನ ಅಡುಗೆಮನೆ. ನಡುವೆ ಇರುವುದು ಮಣ್ಣುಕಲ್ಲಿನ ಒಂದೇ ಗೋಡೆ. ಟೈಲ್ಸೆಲ್ಲ ಕಿತ್ತರೆ ಗುಂಡವ್ವನ ಒಲೆಯ ಮೇಲಿನ ಸಾರು ಇವರ ಬಚ್ಚಲಿನಿಂದ ಕಾಣಿಸುವ ಹಾಗಿತ್ತು.

ಹಾಗಾಗಿ ಕೌಸರ ಆ ಬಣ್ಣವನ್ನು ಸುತ್ತಲಿನಿಂದ ಪಳಗಿಸಲು ಹೊರಟಳು. ಟೈಲ್ಸಿನ ಒಂದು ಚೂರನ್ನು ಅಂಗಡಿಗೆ ಒಯ್ದು, ಬಟ್ಟೆಯ ಒಂದೊಂದೇ ಥಾನಿನ ಪಕ್ಕ ಇಟ್ಟು ನೋಡಿದಳು. ಬಿಳಿಯ ಪಕ್ಕ ಅದು ಇನ್ನೂ ಕಿರುಚಿತು, ನೀಲಿಯ ಪಕ್ಕ ಜಗಳಕ್ಕೆ ನಿಂತಿತು, ಬೂದಿ ಬಣ್ಣದ ಪಕ್ಕ ಸುಮ್ಮನಾಯಿತು. ಮೇಲಿನ ಗೋಡೆಗೆ ಬೂದಿ ಬಣ್ಣ ಬಳಿಸಿದಳು, ಕಿಟಕಿಗೆ ಬೂದಿ ಪರದೆ ಹೊಲಿದಳು. ಮೂರು ವಾರ ಬಣ್ಣದ ಬೆನ್ನು ಹತ್ತಿದವಳು ದಿಕ್ಕನ್ನೇ ನೋಡಿರಲಿಲ್ಲ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತು ಅನ್ನುತ್ತಾರೆ. ಗಾದೆ ಕಟ್ಟಿದವರು ಕೌಸರಳನ್ನು ಕಂಡಿರಲಿಲ್ಲ, ಅಷ್ಟೆ.

"ತಿರುಗಿಸಿ ಕುಂದ್ರಸೂಣ್ರಿ," ಎಂದ ನಿಜಾಮುದ್ದೀನ. "ದಕ್ಷಿಣದ ಗ್ವಾಡಿಗಿ ಬೆನ್ನು, ಉತ್ತರಕ್ಕ ಮುಖ. ಆದ್ರ ಪೈಪಿನ ಸಲುವಾಗಿ ಎರಡ ಕಡೆ ಗ್ವಾಡಿ ಒಡೀಬೇಕು. ಇಪ್ಪತ್ತ ಟೈಲ್ಸ್ ಹೋಗ್ತಾವು. ಈ ಬಣ್ಣ ಈಗ ಯಾ ಅಂಗಡ್ಯಾಗೂ ಸಿಗಂಗಿಲ್ಲ."

"ಅಟ್ಟದ ಮ್ಯಾಲ ಒಂದ ಪೆಟಗಿ ಇತ್ತಲ್ಲ..." ಎಂದ ಕೌಸರ ಅಷ್ಟಕ್ಕೇ ನಿಂತಳು.

ಇತ್ತು. ಮಾಸ್ತರರು ದೂರದೃಷ್ಟಿಯವರು, ಮುಂದೆ ಬೇಕಾದೀತೆಂದು ಹೆಚ್ಚಿನ ಟೈಲ್ಸನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಇಟ್ಟಿದ್ದರು. ಈ ಬಣ್ಣ ಇನ್ನೊಮ್ಮೆ ಕಣ್ಣಿಗೆ ಬೀಳಬಾರದು ಎಂದು ಅವನ್ನೆಲ್ಲ ಪುಡಿ ಮಾಡಿಸಿ, ಅಂಗಡಿಯ ಹೊಸ ಮೆಟ್ಟಿಲಿನ ಹೊಟ್ಟೆಗೆ ತುಂಬಿಸಿದವಳು ಇವಳೇ. ಅವತ್ತು ಸುತ್ತಿಗೆ ಹಿಡಿದಿದ್ದ ನಿಜಾಮುದ್ದೀನ ಈಗ ನೆಲ ನೋಡುತ್ತ ನಿಂತ.

ಅವರಿನ್ನೂ ಬಾಡಿಗೆ ಮನೆ ಬಿಟ್ಟಿರಲಿಲ್ಲ. ಅಲ್ಲಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿಬಿಡಬೇಕೆಂದು ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಂಜೂರನೇ ರೊಟ್ಟಿ ಮುರಿಯುತ್ತ ಬಾಯಿ ತೆರೆದ.

"ಅವ್ವ ಫೋನ್ ಮಾಡಿದ್ಲು. ಬರ್ತೇನಿ, ಮನಸ ಹತ್ತಲಿಲ್ಲಂದ್ರ ಬಂದ ಬಸ್ಸಿಗೇ ಹೊಳ್ಳಿ ಹೋಗ್ತೇನಿ ಅಂದ್ಲು."

"ಮನಸ ಯಾಕ ಹತ್ತಂಗಿಲ್ಲರಿ?"

"ನೋಡ ಕೌಸರ, ನಿನ್ನ ಮಾತ ಕೇಳಿ ತಗೊಂಡೇನಿ. ಅವ್ವ ಅಲ್ಲಿ ನಿಂದ್ರಲಿಲ್ಲಂದ್ರ ನನಗೂ ಆ ಮನಿ ಬ್ಯಾಡ. ಕೇಳಾವ್ರು ಅದಾರ. ಮಾರಿ ಆಲಮೇಲಕ್ಕ ಹೋಗೂಣು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿನ ಮಾತಾಗಿದ್ದರೆ ಬೆಳಗಾಗುವುದರೊಳಗೆ ಆರುತ್ತಿತ್ತು. ಇದು ಯೋಚಿಸಿ ಆಡಿದ ಮಾತು. ಕೌಸರಳಿಗೆ ಭಯವಾಯಿತು. ಸ್ವಂತ ಅಂಗಡಿಯ ಹೆಸರಿನ ಫಲಕ ಬರೆಸಿ, ಮಂಚದ ಕೆಳಗೆ ಇಟ್ಟಿದ್ದಳು. ಹೇಳಬೇಕೆಂದಿದ್ದ ಮಾತನ್ನು ತುತ್ತಿನ ಜೊತೆ ನುಂಗಿದಳು.

ಜೈತುನಬಿಯ ಮನಸ್ಸು ಹತ್ತಿತೋ ಇಲ್ಲವೋ ಎಂಬುದಕ್ಕೆ ಮನೆಮಂದಿಗೆಲ್ಲ ಗೊತ್ತಿದ್ದ ಗುರುತು ಒಂದೇ, ಅವರ ಮಿಶ್ರಿ ಡಬ್ಬಿ. ಹಲ್ಲಿಗೆ ತಿಕ್ಕುವ ಕರಿ ಪುಡಿಯ ಆ ತಗಡಿನ ಡಬ್ಬಿಯನ್ನು ಅವರು ಸೊಂಟದ ಸಂಚಿಯಿಂದ ತೆಗೆದಿಡುವುದು ತಮ್ಮದೆನಿಸಿದ ಮನೆಯಲ್ಲಿ ಮಾತ್ರ. ಇಂಡಿಯಲ್ಲಿ ಮಗಳು ಸುಲ್ತಾನಾಳ ಮನೆಯಲ್ಲಿ ಎರಡು ತಿಂಗಳಿದ್ದಾಗಲೂ ಡಬ್ಬಿ ಸಂಚಿ ಬಿಟ್ಟು ಕೆಳಗಿಳಿದಿರಲಿಲ್ಲ. ಕೌಸರಳ ಬಾಡಿಗೆ ಮನೆಯಲ್ಲಂತೂ ಅದನ್ನು ಕಂಡವರೇ ಇಲ್ಲ.

ಗುರುವಾರ ಮಂಜೂರ ಡಿಪೋಗೆ ಹೋದದ್ದೇ ತಡ, ಹೊಸ ಮನೆಯಲ್ಲಿ ಉಳಿ ಸುತ್ತಿಗೆಯ ಸದ್ದು ಶುರುವಾಯಿತು. ಕಮೋಡಿನ ಬುಡದ ಸಿಮೆಂಟು ಕಲ್ಲಾಗಿತ್ತು. "ಇದು ಸೀಳಿದ್ರ ನನ್ನ ಕೇಳಬ್ಯಾಡ್ರಿ ಅಕ್ಕಾರ," ಎನ್ನುತ್ತ ನಿಜಾಮುದ್ದೀನ ಒಂದೊಂದೇ ಏಟು ಹಾಕುತ್ತಿದ್ದರೆ, ಪ್ರತಿ ಏಟಿಗೂ ಕೌಸರ ಬಗ್ಗಿ ಸೀಳು ಬಂತೇ ಎಂದು ನೋಡುತ್ತಿದ್ದಳು. ಹನ್ನೆರಡರ ಸುಮಾರಿಗೆ ಅದು ಬುಡದಲ್ಲಿ ಒಂದು ಚಕ್ಕೆ ಕಳಕೊಂಡು ಇಡಿಯಾಗಿ ಮೇಲೆದ್ದಿತು. ಗೋಡೆಯ ಕೆಳಭಾಗದಲ್ಲಿ ಎರಡು ಕಡೆ ಮಣ್ಣು ಕಾಣುತ್ತಿತ್ತು.

ಕೌಸರ ಆ ಗಾಯಗಳನ್ನು ನೋಡುತ್ತ ಕೂತಳು. ಕುಪ್ಪಸಕ್ಕೆ ಬಟ್ಟೆ ಕಮ್ಮಿ ಬಿದ್ದರೆ ಅದೇ ಬಣ್ಣ ಹುಡುಕಬಾರದು. ಒಂದೆಳೆ ಹೆಚ್ಚುಕಡಿಮೆಯಾದರೂ ತೇಪೆ ಎದ್ದು ಕಾಣುತ್ತದೆ. ಬೇರೆ ಬಣ್ಣದ ಪಟ್ಟಿಯನ್ನು ಸುತ್ತಲೂ ಎಳೆದುಬಿಟ್ಟರೆ ನೋಡಿದವರು ಫ್ಯಾಷನ್ ಅನ್ನುತ್ತಾರೆ. ಗುಲಾಬಿಗೆ ಹಸಿರು ಅಂಚು ಚೆಂದ ಎಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಗೆ ದರ್ಗಾದ ಹಸಿರು ಚಾದರ ನೆನಪಾಗಿ, ತೌಬಾ ಎಂದು ಕೆನ್ನೆ ಮುಟ್ಟಿಕೊಂಡಳು. ಒಂದು ತಪ್ಪು ತಿದ್ದಲು ಹೋಗಿ ಇನ್ನೊಂದನ್ನು ಮೈಮೇಲೆ ಎಳೆದುಕೊಳ್ಳುವುದರಲ್ಲಿದ್ದಳು. ಅಂಗಡಿಯ ಕಪಾಟಿಗೆ ತರಿಸಿದ್ದ ಕರಿ ಕಡಪಾ ಕಲ್ಲು ಹಿತ್ತಲಲ್ಲಿ ಉಳಿದಿತ್ತು.

"ಕರಿ ಪಟ್ಟಿ ಹೊಡೀರಿ ನಿಜಾಮಣ್ಣ. ಒಡದಲ್ಲಿ ಅಷ್ಟ ಅಲ್ಲ. ಕೆಳಗಿನ ಎರಡ ಸಾಲು ಅಷ್ಟ ಹಗೂರ್ಕ ತಗದು ನಾಕೂ ಗ್ವಾಡಿ ಸುತ್ತ."

ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿಯಿತು. ಕೈ ತೊಳೆಯುತ್ತ ನಿಜಾಮುದ್ದೀನ ಎಚ್ಚರಿಸಿದ: "ನಾಳಿ ಸಂಜಿ ಅಸರ್ ನಮಾಜಿನ ತನ ಯಾರೂ ಮ್ಯಾಲ ಕುಂದ್ರಬಾರದ್ರಿ. ಬುಡ ಅಲಗಾಡ್ತಂದ್ರ ಮತ್ತ ಎಬ್ಬಸಬೇಕಾಗ್ತೈತಿ."

ಶುಕ್ರವಾರ ಬೆಳಿಗ್ಗೆ ಮಂಜೂರ ತಾಯಿಯನ್ನು ಕರೆತರಲು ಆಲಮೇಲಕ್ಕೆ ಹೋಗಿದ್ದ. ಸಂಜೆ ಬರಬೇಕಾದವರು ಹನ್ನೊಂದೂವರೆಗೇ ಬಂದಿಳಿದರು. "ಜುಮ್ಮಾ ಇಲ್ಲೇ ಮಾಡಿದ್ರಾತು ಅಂತ ಲಗೂ ಹೊಂಟ್ವಿ," ಎಂದು ಮಂಜೂರ ನಗುತ್ತ ರಿಕ್ಷಾದಿಂದ ಚೀಲ ಇಳಿಸಿದ. ಜೈತುನಬಿ ಕೋಲೂರಿ, ಗುಲಾಬಿ ಚೂರು ತುಂಬಿದ ಆ ಹೊಸ ಮೆಟ್ಟಿಲು ಹತ್ತುತ್ತಲೇ ಕೇಳಿದರು.

"ಬಚ್ಚಲ ಎಲ್ಲೈತಿ? ಬಸ್ಸಿನ್ಯಾಗಿಂದ ತಡಕೊಂಡ ಬಂದೇನಿ."

ಕೌಸರ ಬಚ್ಚಲ ಬಾಗಿಲಿಗೆ ಅಡ್ಡ ನಿಂತಳು. ಬಣ್ಣ ಹಸಿ ಐತಿ ಎಂಬ ಒಂದು ಸುಳ್ಳು ಸಾಕಿತ್ತು, ಇಬ್ಬರೂ ನಂಬುತ್ತಿದ್ದರು. ಆದರೆ ನೆಲದ ಮೇಲಿನ ಹೊಸ ಸಿಮೆಂಟು ಇಂದಲ್ಲ ನಾಳೆ ಅತ್ತೆಯ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು. ದಿನಾ ಹೆದರಿಕೊಂಡು ಈ ಮನೆಯಲ್ಲಿ ಬಾಳುವುದು ಅವಳಿಗೆ ಬೇಡವಾಗಿತ್ತು.

"ಅತ್ತಿ, ಅಸರ್ ತನ ಒಳಗ ಹೋಗಬ್ಯಾಡ್ರಿ. ಸಿಮೆಂಟ್ ಹಸಿ ಐತಿ. ಕಮೋಡ್ ಕಿಬ್ಲಾ ಕಡೆ ಇತ್ತು. ನಿನ್ನಿ ತಿರುಗಿಸೇನಿ."

ಮಂಜೂರ ಚೀಲವನ್ನು ನೆಲಕ್ಕೆ ಕುಕ್ಕಿದ. "ಕಿಬ್ಲಾ ಕಡೆ ಇತ್ತು? ತಗೊಳ್ಳಾಕ ಮದಲ ನೋಡಲಿಲ್ಲೇನ ನೀ?"

"ನೀವೂ ನೋಡಲಿಲ್ಲರಿ." ಅವಳು ಬಾಗಿಲು ಬಿಟ್ಟು ಸರಿಯಲಿಲ್ಲ. "ನಾ ಬಣ್ಣ ನೋಡಿದ್ನಿ, ದಿಕ್ಕ ನೋಡಲಿಲ್ಲ. ತಪ್ಪ ನಂದ ಐತಿ ಅತ್ತಿ."

ಜೈತುನಬಿ ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಬಾಜೂ ಮನ್ಯಾಗ ಕಮೋಡ್ ಐತೇನು?"

"ಗುಂಡವ್ವಕ್ಕನ ಮನ್ಯಾಗ ಐತ್ರಿ."

"ಅದು ಯಾ ಕಡೆ ಐತಿ?"

"ಉತ್ತರಕ್ಕರಿ. ನಿನ್ನಿ ನೋಡಿ ಬಂದೇನಿ."

ಅವರು ಕೋಲೂರುತ್ತ ನೆರೆಮನೆಗೆ ನಡೆದರು. ಮಂಜೂರ ಹೆಂಡತಿಯತ್ತ ತಿರುಗಿಯೂ ನೋಡದೆ ಜುಮ್ಮಾ ನಮಾಜಿಗೆ ಹೋದ. ಒಂದು ತಾಸಾಯಿತು, ಎರಡಾಯಿತು, ಅತ್ತೆ ಬರಲಿಲ್ಲ. ಗೋಡೆಯಾಚೆ ಗುಂಡವ್ವನ ಅಡುಗೆಮನೆಯಿಂದ ಇಬ್ಬರ ಮಾತೂ ನಡುನಡುವೆ ನಗುವೂ ಕೇಳುತ್ತಿತ್ತು. ಒಂದು ಮಾತಾದರೂ ಸ್ಪಷ್ಟವಾಗಿ ಕೇಳಿದ್ದರೆ ಕೌಸರಳಿಗೆ ಸಮಾಧಾನವಾಗುತ್ತಿತ್ತು. ಗಂಟು ಬಿಚ್ಚದೆ ಬಿದ್ದಿದ್ದ ಅತ್ತೆಯ ಹಾಸಿಗೆಯನ್ನು ನೋಡುತ್ತ ಕೂತಳು.

ಅಸರ್ ಅಜಾನ್ ಕೇಳಿದ ಮೇಲೆ ಜೈತುನಬಿ ಬಂದರು. "ಬಾಗಿಲ ತಗಿ," ಎಂದರು. ಒಳಗೆ ಹೋಗಿ ಅಗುಳಿ ಹಾಕಿಕೊಂಡರು. ಕೌಸರ ಹೊರಗೆ ಬಾಗಿಲಿಗೆ ಕಿವಿಗೊಟ್ಟು ನಿಂತಳು. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಕೋಲಿನ ತುದಿ ಕಲ್ಲಿನ ಪಟ್ಟಿಯನ್ನು ಅಲ್ಲಲ್ಲಿ ತಟ್ಟುವ ಸದ್ದು, ಕೊನೆಗೆ ನೀರಿನ ಸದ್ದು.

ಹೊರಬಂದವರು ಒದ್ದೆ ಕೈ ಒರೆಸಿಕೊಳ್ಳುತ್ತ ಸೊಸೆಯ ಮುಂದೆ ನಿಂತರು. "ಊರಿಗೆಲ್ಲಾ ಮ್ಯಾಚಿಂಗ್ ಕೊಡಾಕಿ, ನಿನ್ನ ಬಚ್ಚಲಕ್ಕ ಮ್ಯಾಚ್ ಆಗಲಾರದ್ದ ಹಚ್ಚೀದಿ." ಚುಚ್ಚಿದ್ದೋ ಮೆಚ್ಚಿದ್ದೋ ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಜಾನಮಾಜು ಹಾಸಿಕೊಂಡು ನಮಾಜಿಗೆ ನಿಂತರು.

ಮುಗಿಯುವುದನ್ನೇ ಕಾದಿದ್ದ ಮಂಜೂರ ಬಾಗಿಲ ಬಳಿ ಕೆಮ್ಮಿದ. "ಅವ್ವಾ, ಆಲಮೇಲದ ಬಸ್ಸು ಆರಕ್ಕ ಐತಿ. ಹೋಗೂದಿದ್ರ ರಿಕ್ಷಾಕ್ಕ ಹೇಳ್ತೇನಿ."

ಜೈತುನಬಿ ತಸಬೀಹಿನ ಮಣಿ ಎಣಿಸುತ್ತಲೇ ಇದ್ದರು. ಅಲ್ಲಿ ನಿಲ್ಲಲಾರದೆ ಕೌಸರ ನೆಲ ಒರೆಸುವ ಅರಿವೆ ಹಿಡಿದು ಬಚ್ಚಲಿಗೆ ಹೋದಳು. ಬೂದಿ ಪರದೆ ಒಂದು ಬದಿಗೆ ಸರಿದಿತ್ತು. ಕಿಟಕಿಯಿಂದ ಇಳಿದ ಬಿಸಿಲು ಕರಿ ಪಟ್ಟಿಯನ್ನು ದಾಟಿ ಬೇಸಿನ್ನಿನವರೆಗೆ ಬಂದಿತ್ತು. ಗುಲಾಬಿ ಬೇಸಿನ್ನಿನ ಅಂಚಿನ ಮೇಲೆ ತಗಡಿನ ಮಿಶ್ರಿ ಡಬ್ಬಿ ಇತ್ತು. ಅದರ ಮುಚ್ಚಳದ ಮೇಲೆ ಒದ್ದೆ ಹೆಬ್ಬೆರಳಿನ ಗುರುತು ಇನ್ನೂ ಆರಿರಲಿಲ್ಲ.