ಈಚಿನ ಹತ್ತು ವರ್ಷ

ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ನನ್ನದು ಇಪ್ಪತ್ತೊಂದು ವರ್ಷದ ಸರ್ವೀಸು. ಡಾಕ್ಟರುಗಳು ಅರ್ಧ ಮಾತು ಹೇಳಿದರೆ ಸಾಕು, ಡೇಟಾಬೇಸು ಜಾಲಾಡಿ ಬೇಕಾದ ಲೇಖನ ತೆಗೆದುಕೊಡುತ್ತಿದ್ದೆ. ಅವರೋ ಅವಸರದ ಜನ. ಮುನ್ನೂರು ಲೇಖನ ಮುಂದಿಟ್ಟರೆ ಮುಖ ಸಿಂಡರಿಸುತ್ತಾರೆ, ಹಳೆಯದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಹಾಗಾಗಿ ನಾಲ್ಕೂ ಡೇಟಾಬೇಸುಗಳಲ್ಲಿ ‘ಈಚಿನ ಹತ್ತು ವರ್ಷ ಮಾತ್ರ’ ಎಂಬ ಚೌಕಕ್ಕೆ ಟಿಕ್ ಹಾಕಿ, ಪ್ರತಿಸಲವೂ ಅದು ತಾನಾಗಿಯೇ ಬರುವಂತೆ ಉಳಿಸಿಟ್ಟಿದ್ದೆ. ಆ ನನ್ನ ಜಾಣತನಕ್ಕೆ ಬೆಂಕಿ ಬೀಳಲಿ.

ಅಕ್ಕನ ಮಗಳಿಗೆ ಎಂಟು ವರ್ಷ. ಈ ವರ್ಷದ ಆರಂಭದಲ್ಲಿ ಅವಳ ಕಿವಿ ಮಂದವಾಗತೊಡಗಿತು. ಜೊತೆಗೆ ಮಾತು ತೊದಲು, ಕೈಯಲ್ಲಿ ಬಲವಿಲ್ಲ. ಕಿವಿಯ ಡಾಕ್ಟರು ಕೈಚೆಲ್ಲಿದರು.

"ಇಂಥ ಕೇಸು ನಾನು ನೋಡೇ ಇಲ್ಲ. ನೀವೇ ಒಂದ್ಸಲ ಹುಡುಕಿ ನೋಡಿ, ಮೇಡಂ."

ಮೂರು ದಿನ ಊಟ ತಿಂಡಿ ಮರೆತು ಹುಡುಕಿದೆ. ಪದ ಬದಲಿಸಿದೆ, ರೋಗಲಕ್ಷಣಗಳನ್ನು ಹಿಂದುಮುಂದು ಮಾಡಿ ಹಾಕಿದೆ. ಸಿಕ್ಕಿದ್ದು ಸೊನ್ನೆ.

"ಏನೂ ಸಿಗ್ಲಿಲ್ಲ ಕಣೇ ಅಕ್ಕ," ಎಂದೆ.

"ನೀನೇ ಹುಡುಕಿ ಇಲ್ಲ ಅಂದ್ಮೇಲೆ ಮುಗೀತು ಬಿಡು," ಎಂದಳು. ದೂರದ ದೊಡ್ಡ ಆಸ್ಪತ್ರೆಗೆ ಹೋಗುವ ಯೋಚನೆಯನ್ನು ಅಲ್ಲಿಗೇ ಕೈಬಿಟ್ಟಳು. ಎಂಟು ತಿಂಗಳಲ್ಲಿ ಹುಡುಗಿಯ ಎರಡೂ ಕಿವಿ ಹೋದವು.

ಇವತ್ತು ಬೆಳಿಗ್ಗೆ ನಿವೃತ್ತ ಪ್ರೊಫೆಸರರೊಬ್ಬರು ಬಂದರು. ಕಿವಿಯ ಕಾಯಿಲೆಗಳ ಚರಿತ್ರೆ ಬರೆಯುತ್ತಿದ್ದಾರಂತೆ.

"ನಂಗೆ ಹಳೇದೇ ಬೇಕಮ್ಮ. ನನ್ನಷ್ಟು ಹಳೇದು!"

ನಾನೂ ನಕ್ಕು ಟಿಕ್ ತೆಗೆದೆ. ಪರದೆಯ ಏಳನೆಯ ಸಾಲಿನಲ್ಲಿ ಅದು ಇತ್ತು. ಇಪ್ಪತ್ತೆಂಟು ವರ್ಷದ ಹಿಂದಿನ, ಎರಡೇ ಪುಟದ ವರದಿ. ಮೂವರು ಮಕ್ಕಳು, ಅದೇ ಕಿವಿ, ಅದೇ ತೊದಲು, ಅದೇ ಸೋತ ಕೈ. ಯಾವ ಔಷಧಿ ಅಂಗಡಿಯಲ್ಲೂ ಸಿಗುವ ಒಂದು ವಿಟಮಿನ್ ಮಾತ್ರೆಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಿದ್ದರು. ಬೇಗ ಶುರುಮಾಡಿದ ಇಬ್ಬರಿಗೆ ಕಿವಿ ಉಳಿದಿತ್ತು. ತಡವಾದ ಮೂರನೆಯವನ ಕೈಗೆ ಬಲ ಬಂದಿತ್ತು, ಕಿವಿ ಮಾತ್ರ ಬಂದಿರಲಿಲ್ಲ.

ಕಿವಿಯ ಡಾಕ್ಟರು ಅದನ್ನು ಎರಡು ಸಲ ಓದಿದರು. "ಕೈಗಾದ್ರೂ ಇವತ್ತೇ ಶುರುಮಾಡೋಣ," ಎಂದು ಚೀಟಿ ಬರೆದರು. ನನ್ನ ಮುಖ ನೋಡಲಿಲ್ಲ.

ಸಂಜೆ ಮಾತ್ರೆ ಹಿಡಿದು ಅಕ್ಕನ ಮನೆಗೆ ಹೋದೆ. ಹುಡುಗಿ ಈಗ ತುಟಿ ನೋಡಿ ಮಾತು ಹಿಡಿಯುತ್ತಾಳೆ. ಅವಳಿಗೆ ಬೆನ್ನುಹಾಕಿ ನಿಂತು ಅಕ್ಕನಿಗೆ ಎಲ್ಲವನ್ನೂ ಹೇಳಿದೆ.

"ಒಂದು ಟಿಕ್ಕಾ?" ಎಂದಳು ಅಕ್ಕ.

"ಹೂಂ."

ಕೆನ್ನೆಗೆ ಬಾರಿಸಲಿ ಎಂದು ಕಾದೆ. ಬಾರಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಮಾತ್ರೆಯ ಡಬ್ಬಿ ಕಸಿದುಕೊಂಡಳು, ಅಷ್ಟೆ.

"ಚಿಕ್ಕಮ್ಮ, ಈ ಕಡೆ ತಿರುಗು, ಕಾಣ್ತಿಲ್ಲ," ಎಂದು ಹುಡುಗಿ ಹಿಂದಿನಿಂದ ನನ್ನ ತೋಳು ಜಗ್ಗಿದಳು.

"ತಿರುಗು," ಎಂದಳು ಅಕ್ಕ. "ಅವಳಿಗೂ ನೀನೇ ಹೇಳು."

ತಿರುಗಿದೆ. ಅವಳು ನನ್ನ ತುಟಿಯನ್ನೇ ನೋಡುತ್ತ ಕಾಯುತ್ತಿದ್ದಳು.