ಹೊಗೆಯಾಡದ ಕೆಂಡ

ಮಳವಳ್ಳಿಯ ಕಾಲೇಜಿನಲ್ಲಿ ಪುನೀತ್ ಕೆಮಿಸ್ಟ್ರಿ ಪಾಠ ಮಾಡಿದರೆ ಹಿಂದಿನ ಬೆಂಚೂ ತೂಕಡಿಸುತ್ತಿರಲಿಲ್ಲ. "ಕಾರ್ಬನ್ ಮಾನಾಕ್ಸೈಡು ತೆಗೆಯೋದು ಮಾನ ಅಲ್ಲ ಕಣ್ರೋ, ಪ್ರಾಣ," ಎನ್ನುವನು. ಫಾರ್ಮಿಕ್ ಆಸಿಡ್ಡಿಗೆ ಸಲ್ಫ್ಯೂರಿಕ್ ಆಸಿಡ್ ಬೆರೆಸಿ ಕಾಯಿಸಿದರೆ ನೀರನ್ನೆಲ್ಲ ಅದು ಕಿತ್ತುಕೊಂಡು, ಬಣ್ಣವಿಲ್ಲದ ವಾಸನೆಯಿಲ್ಲದ ಈ ಗಾಳಿಯನ್ನು ಬಿಟ್ಟುಕೊಡುತ್ತದೆ. ರಕ್ತದಲ್ಲಿ ಇದರ ದರ್ಬಾರನ್ನಂತೂ ಬಸ್ ಕಂಡಕ್ಟರನ ದನಿ ಮಾಡಿಯೇ ಹೇಳುವನು: "ಸೀಟಿಡ್ಕೊಂಡೋನು ಇಳಿಯಾಕಿಲ್ಲ, ಆಕ್ಸಿಜನ್ನು ಫುಟ್‌ಬೋರ್ಡಲ್ಲೇ ನೇತಾಡ್ಬೇಕು, ರೈಟ್ ರೈಟ್!"

ಆ ಭಾನುವಾರ ಬಾಣಂತಿ ಹೆಂಡತಿ ವೀಣಳನ್ನು ನೋಡಲು ಬೆಸಗರಹಳ್ಳಿಯ ಅವಳ ತವರಿಗೆ ಹೋದ. ಕೋಣೆಯ ಕಿಟಕಿಗೆ ಗೋಣಿತಾಟು. ಮಂಚದ ಕೆಳಗೆ ಬಾಂಡ್ಲಿ ತುಂಬ ಕೆಂಡ, ಅದರ ಮೇಲೆ ತೆಳ್ಳಗೆ ನೀಲಿ ಉರಿ. ಮಾನಾಕ್ಸೈಡ್ ಉರಿಯುವುದು ಹೀಗೆಂದು ಪಾಠದಲ್ಲಿ ಹೇಳುವಂಥದ್ದೇ ನೀಲಿ. ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಂಡಿದ್ದ ವೀಣಳ ಕೆನ್ನೆ ದಾಸವಾಳದ ಹಾಗೆ ಕೆಂಪಾಗಿತ್ತು.

"ತಲೆ ಸಿಡೀತದೆ ಕಣ್ರೀ. ಬೆಳಗ್ಗೆ ವಾಂತಿನೂ ಆಯ್ತು."

"ಸೀತಕ್ಕೆ ಕಣವ್ವ. ಇನ್ನೊಸಿ ಕೆಂಡ ಮಡಗ್ತೀನಿ," ಎಂದಳು ಅತ್ತೆ ಅಂಕಮ್ಮ.

"ಅತ್ತೆ, ಮೊದಲು ಅದನ್ನ ಆಚೆ ಹಾಕಿ. ಅದರ ಗಾಳಿ ವಿಷ."

"ಒಗೆ ಎಲ್ಲದೆ ತೋರ್ಸಿ! ಒಗೆಯೆಲ್ಲ ಓದ್ಮೇಲೇ ಅಲ್ವಾ ಒಳೀಕ್ ತಂದಿರೋದು? ಓದ್ವಾರ ಫೋನ್ನಲ್ಲಿ ಲೇಡಿ ಡಾಕ್ಟ್ರು ದನಿ ಮಾಡಿ, ಬಾಣಂತಿಗೆ ಐಸ್‌ಕ್ರೀಮ್ ಕೊಡಿ ಅಂದೋರು ಯಾರು? ಇವತ್ತು ಯಾರ್ ದನಿ ಅಳಿಯಂದ್ರೆ?"

ತಲೆ ಹಿಡಿದುಕೊಂಡೇ ವೀಣಳೂ ನಕ್ಕಳು. ಮಾವ ಮಾದಯ್ಯ, ಕೊರೋನಾ ಕಾಲದಲ್ಲಿ ಕೊಂಡಿದ್ದ ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರನ್ನು ಬೀರುವಿನಿಂದ ತೆಗೆದು ವೀಣಳಿಗೆ ಹಾಕಿದ. "ಜಗಳ ಯಾಕೆ? ಇದ್ನೇ ಕೇಳುವ."

ತೊಂಬತ್ತೊಂಬತ್ತು.

ಅಂಕಮ್ಮ ಗೆದ್ದಳು. ಸೋತ ಪುನೀತನಿಗೂ ಹಾಯೆನಿಸಿತು. ಓದಿದ್ದು ಜಾಸ್ತಿಯಾಯಿತು ತನಗೆ ಎಂದುಕೊಂಡು, ತಾಟನ್ನು ಒಂದು ಚೂರು ಸರಿಸಿ, ಮುದ್ದೆ ಉಂಡು ಬಸ್ಸು ಹತ್ತಿದ.

ಮದ್ದೂರಿನಲ್ಲಿ ಬಸ್ಸು ಬದಲಿಸಿ ಮಳವಳ್ಳಿ ದಾರಿ ಹಿಡಿದ ಮೇಲೆ, ಆ ಕೆಂಪು ಕೆನ್ನೆಯನ್ನೇ ನೆನೆಯುತ್ತಿದ್ದವನಿಗೆ ಥಟ್ಟನೆ ಹೊಳೆಯಿತು. ಮೀಟರು ನೋಡುವುದು ರಕ್ತದ ಕೆಂಪನ್ನು. ಆಕ್ಸಿಜನ್ ಸೇರಿದರೂ ಕೆಂಪು, ಮಾನಾಕ್ಸೈಡ್ ಸೇರಿದರೂ ಕೆಂಪು. ಸೇರಿದ್ದು ಯಾವುದೆಂದು ಅದಕ್ಕೇನು ಗೊತ್ತು?

ಫೋನ್ ಮಾಡಿದ.

"ಈಗ ಎಷ್ಟೋ ವಾಸಿ ಕಣಪ್ಪ," ಎಂದಳು ಅಂಕಮ್ಮ. "ತಾಯಿ ಮಗು ಇಬ್ರೂ ಗಡದ್ದಾಗಿ ಮಲಗವ್ರೆ. ಗಾಳಿ ಬತ್ತಿತ್ತು, ತಾಟು ಮುಚ್ಚಿ ಇನ್ನೊಂದ್ ಬಾಂಡ್ಲಿ ಕೆಂಡ ಮಡಗ್ದೆ."

"ಅತ್ತೆ, ಕೈ ಮುಗೀತೀನಿ, ಇಬ್ಬರನ್ನೂ ಎತ್ಕೊಂಡು ಆಚೆ ಬನ್ನಿ!"

ಗೊಣಗುತ್ತ ಹೋದಳು. ಬಾಗಿಲು ಕಿರ್ರೆಂದಿತು. "ವೀಣಾ..." ಮಗು ಎದ್ದೀತೆಂದು ಮೊದಲು ಮೆಲ್ಲಗೆ. "ಏಳವ್ವ, ನಿನ್ ಗಂಡನ ಕಾಟ." ಆಮೇಲೆ ಗದರಿಕೆ: "ಲೇ, ಏಳೇ!" ಮಂಚ ಅಲುಗಿದ ಸದ್ದು. ಆಮೇಲೆ ಮಾದಯ್ಯನನ್ನು ಕೂಗಿದ ಕೂಗಿನಲ್ಲಿ ಮಾತೇ ಇರಲಿಲ್ಲ.

ಪುನೀತ್ ಬಸ್ಸು ನಿಲ್ಲಿಸಿ ಇಳಿದ. ಎರಡೂ ಕಡೆ ಕಬ್ಬು. ಮದ್ದೂರಿನ ಕಡೆಗೆ ಹೋಗುವ ಒಂದು ಬೈಕೂ ಇರಲಿಲ್ಲ. ಕಿವಿಗೊತ್ತಿದ ಫೋನಿನಲ್ಲಿ ಅಂಕಮ್ಮ, ಇನ್ನೂ ಹೆಸರಿಡದ ಮಗುವನ್ನು ಏನೆಂದು ಕರೆಯಬೇಕೋ ತಿಳಿಯದೆ, "ಕೂಸೇ, ಕೂಸೇ" ಎನ್ನುತ್ತಿದ್ದಳು.